ಕುಮುದಾ ಮುರಿದ ಹೋಳಿಗೆ

ಕೂಕಟ್‌ಪಲ್ಲಿಯ ಕುಮುದಾ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುತ್ತಲೇ ಬದುಕಿದವಳು. ಹೈದರಾಬಾದಿಗೆ ವರ್ಗವಾಗುವ ಮುಂಚೆ, ಬೇರೊಂದು ಊರಿನಲ್ಲಿ, ಎಕ್ಸ್-ರೇ ಪರದೆಯ ಮೇಲೆ ಒಂದು ಡಬ್ಬಿ ಕಂಡಿತ್ತು. ಒಳಗೆ ಕಿತ್ತಳೆ ಬಣ್ಣದ ತೆಳ್ಳನೆಯ ಬಿಲ್ಲೆಗಳು, ಒಂದರ ಮೇಲೊಂದು. ಬೀದರಿನ ಮನೆಯಲ್ಲಿ ಬೆಳೆದ ಕಣ್ಣಿಗೆ ಅದು ಶೇಂಗಾ ಹೋಳಿಗೆಯೇ. ಮುಗುಳ್ನಕ್ಕು ಬಿಟ್ಟುಬಿಟ್ಟಳು. ಅದು ಸಿಬ್ಬಂದಿಯನ್ನು ಪರೀಕ್ಷಿಸಲು ಮೇಲಿನವರೇ ಕಳಿಸಿದ ನಕಲಿ ಸ್ಫೋಟಕ. ಯಾರಿಗೂ ಏನೂ ಆಗಲಿಲ್ಲ; ಅವಳಿಗೆ ಮತ್ತೆ ತರಬೇತಿ ಕೊಟ್ಟರು, ಅಷ್ಟೇ. ಆದರೆ ಅಂದಿನಿಂದ ಆ ಡಬ್ಬಿ ಅವಳ ಕಣ್ಣೊಳಗೆ ದಿನವೂ ವಿಮಾನ ಹತ್ತುತ್ತದೆ. ಆ ವಿಮಾನ ನೆಲಕ್ಕೆ ಇಳಿಯುವುದಿಲ್ಲ.

ಹೀಗಾಗಿ ಹೈದರಾಬಾದಿನಲ್ಲಿ ಚೀಲ ತಪಾಸಣೆಯ ಹೊಸ ನ್ಯೂಟ್ರಾನ್ ಯಂತ್ರದ ಪ್ರಯೋಗಕ್ಕೆ ಜನ ಬೇಕೆಂದಾಗ ತಾನೇ ಹೆಸರು ಕೊಟ್ಟಳು. ಎಕ್ಸ್-ರೇ ಆಕಾರ ತೋರಿಸುತ್ತದೆ. ಇದು ಚೀಲದೊಳಕ್ಕೆ ನ್ಯೂಟ್ರಾನ್ ಹಾಯಿಸಿ, ವಸ್ತುವಿನಲ್ಲಿ ಸಾರಜನಕ ಎಷ್ಟಿದೆ ಎಂದು ಹೇಳುತ್ತದೆ. ಸ್ಫೋಟಕಗಳಲ್ಲಿ ಸಾರಜನಕ ಹೆಚ್ಚು. ಇನ್ನು ತನ್ನ ಕಣ್ಣನ್ನು ನಂಬಬೇಕಾಗಿಲ್ಲ ಎಂದುಕೊಂಡಳು. ಇಲ್ಲೂ ಕೆಲಸ ಕೆಟ್ಟರೆ ತಪಾಸಣೆಯಿಂದಲೇ ತೆಗೆಯುವುದಾಗಿ ಮೇಲ್ವಿಚಾರಕ ವಿಶ್ವಜಿತ್ ಹೇಳಿದ್ದ.

ಕೆಲವು ವಾರ ಸುಸೂತ್ರವಾಗಿ ನಡೆಯಿತು. ಆಮೇಲೆ ದಿಲ್‌ಸುಖ್‌ನಗರದ ಗುಣವತಿಬಾಯಿ ಎಂಬ ಮುದುಕಿಯ ಚೀಲಕ್ಕೆ ಕೆಂಪು ದೀಪ ಹೊತ್ತಿತು.

“ಏನೈತ್ರಿ ಇದರಾಗ?” ಎಂದಳು ಕುಮುದಾ.

“ಶೇಂಗಾ ಹೋಳಿಗಿ, ತಂಗಿ. ಮಗಳ ಮನಿಗೆ ಹೊಂಟೀನಿ. ನಿಮ್ಮ ಮಷೀನಿಗೂ ಹಸಿವಿ ಆಗೈತೇನು?”

ವಿಶ್ವಜಿತ್ ಚೀಲದಲ್ಲಿದ್ದ ಡಬ್ಬಿಯನ್ನು ಬಟ್ಟೆಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಪರೀಕ್ಷಿಸಿದ. ಸ್ಫೋಟಕದ ಸುಳಿವಿಲ್ಲ. “ಶೇಂಗಾದಾಗೂ ಸಾರಜನಕ ಇರ್ತೈತ್ರಿ ಮೇಡಂ. ಪಾಸ್ ಮಾಡ್ರಿ.”

ಕುಮುದಾಳ ಬೆರಳು ಚೀಲ ಮುಂದಕ್ಕೆ ಬಿಡುವ ಗುಂಡಿಯ ಕಡೆ ಹೋಗಲಿಲ್ಲ. ಡಬ್ಬಿ ತೆರೆದು ಒಂದು ಹೋಳಿಗೆ ಮುರಿದಳು. ಬೆಲ್ಲ, ಶೇಂಗಾ ಪುಡಿ. ಇನ್ನೊಂದು ಮುರಿದಳು. ಮತ್ತೊಂದು.

“ಅಯ್ಯ, ಎಲ್ಲಾ ಮುರೀತಿ ಏನವ್ವಾ? ಒಂದು ತಿಂದು ನೋಡು, ಸಾಯೂದಿಲ್ಲ!”

ತಳದವರೆಗೂ ಮುರಿದಳು. ಆಮೇಲೂ ಚೂರುಗಳನ್ನು ಸರಿಸಿ ಸರಿಸಿ ನೋಡುತ್ತಿದ್ದಳು. ಮುದುಕಿಯ ನಗು ನಿಂತಿತು.

“ಏನು ಹುಡುಕಾಕತ್ತೀಯವ್ವಾ ನೀ?”

ಕುಮುದಾ ಇನ್ನೊಂದು ಚೂರನ್ನು ಪುಡಿ ಮಾಡಿದಳು. ವಿಶ್ವಜಿತ್ ತಾನೇ ಗುಂಡಿ ಒತ್ತಿದ.

ಈಗ ಅವಳು ಪ್ರವೇಶ ಪಾಸುಗಳ ಕಚೇರಿಯಲ್ಲಿದ್ದಾಳೆ. ಅಲ್ಲಿ ಚೀಲಗಳಿಲ್ಲ. ಆದರೂ ಮಗಳು ಲಹರಿಯ ಊಟದ ಡಬ್ಬಿಗೆ ಚಪಾತಿಯನ್ನು ಮುರಿದೇ ಹಾಕುತ್ತಾಳೆ. ಯಾಕೆಂದು ಕೇಳುವುದನ್ನು ಲಹರಿ ಬಿಟ್ಟಿದ್ದಾಳೆ.