ಮೇಷ್ಟ್ರು ತೋರಿಸಿದ ಒಳದಾರಿ

ಬೆಳಿಗ್ಗೆ ಹಾಲು ತರಲು ಹೆದ್ದಾರಿಯ ಕಡೆ ಹೋಗಿದ್ದೆ. ಘಾಟಿ ಹತ್ತಿ ಬಂದ ಲಾರಿಯೊಂದು ಬದಿಯಲ್ಲಿ ಏದುಸಿರು ಬಿಡುತ್ತ ನಿಂತಿತ್ತು. ಕ್ಲಚ್ ಪ್ಲೇಟ್ ಕಾದ ಆ ಸೀದ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಗಫಾರ್ ಸಾಬರ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತ ಒಂದು ಸಂಜೆ ನೆನಪಾಯಿತು.

ಸಾಬರು ನಮ್ಮ ಎದುರು ಮನೆಯವರು. ಮೂವತ್ತು ವರ್ಷ ಮಂಗಳೂರಿಗೆ ಲಾರಿ ಓಡಿಸಿ ಈಗ ಸಕಲೇಶಪುರದ ಮನೆಯಲ್ಲಿ ಆರಾಮವಾಗಿರುವವರು. ಬೀದಿಗೆ ಬಂದ ಗಾಡಿಯ ಸದ್ದು ಕೇಳಿಯೇ, ಓಡಿಸುವವನಿಗೆ ಅವಸರವೋ ನಿದ್ದೆಯೋ ಹೇಳಬಲ್ಲರು. ಅವರ ಹೆಂಡತಿ ಮುಮ್ತಾಜಮ್ಮ. ನಮ್ಮ ಪಕ್ಕದ ಮನೆಯ ಶಾರದಕ್ಕ ದಿನಕ್ಕೆ ನಾಲ್ಕು ಸಲವಾದರೂ ಬೀದಿ ದಾಟಿ ಹೋಗಿ ಅವರ ಜೊತೆ ಕೂತು ಬರುತ್ತಿದ್ದರು. ಕರಿಬೇವು ಕೇಳಲು ಹೋದವರು ಕರಿಬೇವನ್ನೇ ಮರೆತು ಬಂದು, ಅದನ್ನು ತರಲು ಮತ್ತೆ ಹೋಗುತ್ತಿದ್ದರು.

ಇನ್ನು ನಾನು. ಪ್ರೌಢಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಯಾರಾದರೂ ದಾರಿ ಕೇಳಿದರೆ ಅದನ್ನಷ್ಟೇ ಹೇಳಿ ಸುಮ್ಮನಾಗುವ ಜಾತಿಯಲ್ಲ. ದಿಕ್ಕು, ಇಳಿಜಾರು, ತಿರುವಿನಲ್ಲಿರುವ ಹಲಸಿನ ಮರ ಎಲ್ಲವನ್ನೂ ವಿವರಿಸಿ, ಅವರು ಹೊರಟ ಮೇಲೂ ಕೈ ಬೀಸುತ್ತಿರುತ್ತೇನೆ. ಒಂದು ಶನಿವಾರ ಆನೇಮಹಲ್ ಕಡೆಯಿಂದ ಬಂದ ಪ್ರವಾಸಿಗರ ಕಾರುಗಳು ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಟೀ ಅಂಗಡಿಯ ಮುಂದೆ ಬಸವಳಿದಿದ್ದ ಟ್ಯಾಕ್ಸಿಯವನಿಗೆ ನಮ್ಮ ಬೀದಿಯೊಳಗಿಂದ ಬಸ್ ಸ್ಟ್ಯಾಂಡಿನ ಆಚೆಗೆ ಹೋಗುವ ಒಳದಾರಿಯನ್ನು ತೋರಿಸಿಕೊಟ್ಟೆ. ಅವನ ಹಿಂದೆ ಇನ್ನೊಂದು ಕಾರು ತಿರುಗಿತು. ಅದರ ಹಿಂದೆ ಮತ್ತೊಂದು. ಉಪಕಾರ ಮಾಡಿದ ತೃಪ್ತಿಯಲ್ಲಿ ಆ ದಿನ ಎರಡು ಟೀ ಕುಡಿದೆ.

ಅಲ್ಲಿಂದ ಶುರುವಾಯಿತು ನೋಡಿ. ತಿಂಗಳೊಪ್ಪತ್ತಿನಲ್ಲಿ ಎಲ್ಲರ ಫೋನಿನ ಮ್ಯಾಪೂ ನಮ್ಮ ಬೀದಿಯನ್ನೇ ತೋರಿಸತೊಡಗಿತು. ವಾರದ ಕೊನೆ ಬಂತೆಂದರೆ ಹಾರ್ನಿನ ಗದ್ದಲದಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ತಿಳಿಯದು. ಒಂದು ಭಾನುವಾರ ಬೀದಿ ದಾಟುತ್ತಿದ್ದ ಶಾರದಕ್ಕನ ಮೊಣಕೈಗೆ ಕಾರಿನ ಕನ್ನಡಿ ಬಡಿಯಿತು. ಅವರು ಬಿದ್ದರು, ಮಣಿಕಟ್ಟು ಊದಿಕೊಂಡಿತು. ಕಾರು ನಿಲ್ಲಲೇ ಇಲ್ಲ. ಆಮೇಲೆ ಶಾರದಕ್ಕ ಗೇಟು ದಾಟುವುದನ್ನೇ ಬಿಟ್ಟರು. ಇಪ್ಪತ್ತು ಅಡಿ ದೂರದಲ್ಲಿ ಕೂತ ಗೆಳತಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಫೋನಿನಲ್ಲಿ ಮಾತಾಡತೊಡಗಿದರು. ನೋಡಿದವರಿಗೆ ನಗು ಬರುತ್ತಿತ್ತು. ನನಗೆ ಮಾತ್ರ ಬರುತ್ತಿರಲಿಲ್ಲ.

ಸಾಬರ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದ್ದು ಆಗಲೇ. ಶಾರದಕ್ಕನನ್ನೂ ಕೈ ಹಿಡಿದು ಬೀದಿ ದಾಟಿಸಿ ಕರೆತಂದಿದ್ದರು. ಈ ದಾರಿ ಹೊರಗಿನವರಿಗೆ ಹೇಳಿಕೊಟ್ಟವನು ಯಾರೋ ಎಂದು ಎಲ್ಲರೂ ಬೈದರು. ಎಲ್ಲರಿಗಿಂತ ಜೋರಾಗಿ ನಾನು ಬೈದೆ. ಬೈಯುತ್ತಿರುವಾಗಲೇ ಶಾರದಕ್ಕನ ಬ್ಯಾಂಡೇಜು ಕಣ್ಣಿಗೆ ಬಿತ್ತು. ಹೇಳಿಕೊಟ್ಟವನು ನಾನೇ ಎಂದುಬಿಟ್ಟೆ.

ಸಾಬರು, "ನೀವು ಆವತ್ತು ಟೀ ಅಂಗಡಿ ಮುಂದೆ ಕೈ ಬೀಸ್ತಾ ನಿಂತಿದ್ದು ನಾನು ನೋಡಿದ್ದೆ ಕಣ್ರೀ ಮೇಷ್ಟ್ರೇ. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ," ಎಂದರು. ಶಾರದಕ್ಕ ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೀದಿಗೆ ಸರಪಳಿ ಹಾಕೋಣವೆಂದು ಒಬ್ಬರು ಹೇಳಿದರು. ಆಂಬುಲೆನ್ಸ್ ಬಂದರೆ ಏನು ಮಾಡುತ್ತೀರಿ ಎಂದು ಸಾಬರು ಕೇಳಿದರು. ಹಾಗಾದರೆ 'ನಿಧಾನವಾಗಿ ಚಲಿಸಿ' ಎಂದು ಬೋರ್ಡು ಬರೆಸೋಣವೆಂದೆ ನಾನು. ಸಾಬರು ನಕ್ಕರು.

"ಡ್ರೈವರ್ ಬೋರ್ಡ್ ಓದಲ್ಲ, ರೋಡ್ ಓದ್ತಾನೆ. ನೆಟ್ಟಗಿದ್ರೆ ತುಳೀತಾನೆ. ಸೊಟ್ಟಗಿದ್ರೆ ಬ್ರೇಕ್ ಹಿಡೀತಾನೆ."

ವಾರ್ಡಿನ ಸದಸ್ಯರು ಪುರಸಭೆಯಲ್ಲಿ ಕೇಳಿ ಒಂದು ತಿಂಗಳಿಗೆ ಒಪ್ಪಿಗೆ ತಂದರು. ಹಳೆಯ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ಯಿಸಿ, ಮಣ್ಣು ತುಂಬಿ, ದಾಸವಾಳ ನೆಟ್ಟು, ಒಂದು ಎಡಕ್ಕೆ ಒಂದು ಬಲಕ್ಕೆ ಇಟ್ಟೆವು. ಆಂಬುಲೆನ್ಸಿಗೆ ಎಷ್ಟು ಜಾಗ ಬೇಕೆಂದು ಸಾಬರೇ ಹೆಜ್ಜೆ ಹಾಕಿ ಅಳೆದರು. ನೇರವಾಗಿದ್ದ ಬೀದಿ ಹಾವಿನಂತಾಯಿತು. ನನಗೆ ಸಿಕ್ಕಿದ್ದು ಇಂಪೊಸಿಷನ್: ಶನಿವಾರ, ಭಾನುವಾರ ಬೀದಿಯ ಬಾಯಲ್ಲಿ ನಿಂತು ಕಾರುಗಳಿಗೆ ಹೆದ್ದಾರಿಯತ್ತ ಕೈ ತೋರಿಸುವುದು. ನನ್ನ ವಿದ್ಯಾರ್ಥಿಗಳು ಸೈಕಲ್ಲಿನಲ್ಲಿ ಹೋಗುತ್ತ ಬಹಳ ವಿನಯದಿಂದ ನಮಸ್ಕಾರ ಮಾಡಿದರು. ಅಷ್ಟು ವಿನಯ ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

ಮೂರನೆಯ ವಾರಕ್ಕೆ ಕಾರುಗಳು ವಿರಳವಾದವು. ಬಂದವೂ ತೆವಳುತ್ತಿದ್ದವು. ಒಂದು ಮಧ್ಯಾಹ್ನ ಶಾರದಕ್ಕ ಫೋನಿನಲ್ಲಿ ಮಾತಾಡುತ್ತಲೇ ಗೇಟು ತೆಗೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮಾತು ನಿಲ್ಲಿಸದೆ ಬೀದಿ ದಾಟಿದರು.

"ಫೋನ್ ಕಟ್ ಮಾಡಿ ಶಾರದಕ್ಕ," ಎಂದರು ಮುಮ್ತಾಜಮ್ಮ. "ಒಂದೇ ಮಾತು ಎರಡೆರಡು ಸಲ ಕೇಳ್ತೈತೆ."

ಒಂದು ತಿಂಗಳ ಒಪ್ಪಿಗೆ ಈಗ ಖಾಯಂ ಆಗಿದೆ. ನಾನೂ ಸುಧಾರಿಸಿದ್ದೇನೆ ಎಂದುಕೊಂಡಿದ್ದೆ. ಆದರೆ ಮೊನ್ನೆ ಮಗ್ಗೆ ಎಂಬ ಊರಿಗೆ ಹೋದಾಗ ಮುಖ್ಯರಸ್ತೆಯಲ್ಲಿ ಮೋರಿ ಕೆಲಸ ನಡೆದಿತ್ತು. ಫೋನು ಯಾರದೋ ಓಣಿಯನ್ನು ತೋರಿಸಿತು. ಕೈ ತಾನಾಗಿ ಸ್ಕೂಟರನ್ನು ಅತ್ತ ತಿರುಗಿಸಿತು. ಓಣಿಯ ನಡುವೆ ಒಬ್ಬ ತಾಯಿ ಮಣೆಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ತಟ್ಟನೆ ಇಂಜಿನ್ ಆರಿಸಿ, ಇಳಿದು ಸ್ಕೂಟರನ್ನು ತಳ್ಳುತ್ತ ನಡೆದೆ.

"ಗಾಡಿ ಕೆಟ್ಟೋಯ್ತಾ ಸಾಮಿ?" ಎಂದಳು.

ಇಲ್ಲಮ್ಮ, ಚೆನ್ನಾಗೇ ಇದೆ ಎಂದೆ. ಅವಳು ನಂಬಲಿಲ್ಲ. ಬಾಚಣಿಗೆಯನ್ನು ಮಗಳ ಕೈಗೆ ಕೊಟ್ಟು ಎದ್ದು ಬಂದು, ಓಣಿಯ ಕೊನೆಯ ಏರಿನವರೆಗೂ ಹಿಂದಿನಿಂದ ತಳ್ಳಿಕೊಟ್ಟಳು. ಅಷ್ಟು ದುಡಿದವಳ ಎದುರಿಗೆ ಗುಂಡಿ ಒತ್ತಿ ಸ್ಟಾರ್ಟ್ ಮಾಡಲು ನನಗೆ ಮುಖವಿರಲಿಲ್ಲ. ಅವಳ ಕಣ್ಣಿಗೆ ಮರೆಯಾಗುವ ತನಕ ತಳ್ಳುತ್ತಲೇ ಹೋದೆ.