ಹೆಗಲ ಮೇಲಿನ ಎಡಗೈ

ನಂಜುಂಡಪ್ಪನವರು ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಕಿವಿಯನ್ನು. ಮುಖ ಆಮೇಲೆ. ನಾನು ಮೊದಲ ಸಲ ರಾಜಾಜಿನಗರದ ಅವರ ಮನೆಗೆ ಹೋದಾಗ, ಬಾಗಿಲು ತೆರೆದವರು ಹೆಸರು ಕೇಳುವುದನ್ನು ಬಿಟ್ಟು, ತಲೆ ಓರೆ ಮಾಡಿ ನನ್ನ ಎಡಗಿವಿಯನ್ನೇ ದಿಟ್ಟಿಸಿದರು. "ಇದು ತಂದೆ ಕಡೇದಾ, ತಾಯಿ ಕಡೇದಾ?" ಎಂದರು. ಓಲೆಯ ವಿಚಾರವೆಂದುಕೊಂಡು "ಇಲ್ಲ ಸಾರ್, ನಾನೇ ತಗೊಂಡಿದ್ದು" ಎಂದೆ. ಅವರು ನಕ್ಕ ಜೋರಿಗೆ ಅಡುಗೆಮನೆಯಿಂದ ಅವರ ಹೆಂಡತಿ ಲಲಿತಮ್ಮ ಹೊರಗೆ ಬಂದರು.

ಕಿವಿಯ ಈ ಹುಚ್ಚು ಕಸುಬಿನಿಂದ ಅಂಟಿಕೊಂಡದ್ದು. ಹರೆಯದಲ್ಲಿ ಅವರು ಸ್ಟುಡಿಯೋ ಒಂದರಲ್ಲಿ ಟಚಿಂಗ್ ಮಾಡುತ್ತಿದ್ದರು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ, ಸಿಡುಬಿನ ಕಲೆ ಮುಚ್ಚುವ ಕೆಲಸ ಅದು. ಮುಖ ಎಷ್ಟು ತಿದ್ದಿದರೂ ಕಿವಿ ಮಾತ್ರ ಇದ್ದಂತೆಯೇ ಉಳಿಯುತ್ತಿತ್ತು. ಐವತ್ತು ದಾಟಿದ ಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತರು. ಹಾಳಾದ ಹಳೆಯ ಫೋಟೋಗಳನ್ನು ಸರಿಪಡಿಸಿ ಕೊಡತೊಡಗಿದರು. ನಾನು ಕೆಲಸಕ್ಕಿದ್ದ ವಿಜಯನಗರದ ಪುಟ್ಟ ಪ್ರಕಾಶನಕ್ಕೆ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುವ ಗೀಳು. ಆ ಪುಸ್ತಕಗಳ ಚಿತ್ರಗಳಿಗೆಲ್ಲ ಅವರೇ ವೈದ್ಯರು.

ಅವರದು ಒಂದೇ ನಿಯಮ. "ಗಲೀಜು ತೆಗೀತೀನಿ. ಇಲ್ಲದ್ದು ಹಾಕಲ್ಲ." ಮೂಗಿನ ತುದಿ ಹರಿದುಹೋಗಿದ್ದರೆ ಹರಿದಂತೆಯೇ ಕೊಡುತ್ತಿದ್ದರು. ಒಮ್ಮೆ ನನ್ನೆದುರಿಗೇ ಬಸವೇಶ್ವರನಗರದಿಂದ ಒಬ್ಬರು ಬಂದರು. ತೀರಿಹೋದ ತಾಯಿಯ ಫೋಟೋದಲ್ಲಿ ಕುತ್ತಿಗೆಗೆ ಎರಡೆಳೆ ಚಿನ್ನದ ಸರ ಹಾಕಿಕೊಡಬೇಕಂತೆ, ಗೃಹಪ್ರವೇಶಕ್ಕೆ. ನಂಜುಂಡಪ್ಪನವರು ಫೋಟೋವನ್ನು ಮೃದುವಾಗಿ ಕವರಿನೊಳಗೆ ಹಾಕಿ ವಾಪಸು ಕೊಟ್ಟರು. "ಸರ ಅವ್ರಿದ್ದಾಗ ಮಾಡಿಸ್ಬೇಕಿತ್ತು ಸಾರ್. ಈಗ ನಾನು ಹಾಕಿದ್ರೆ ಅವ್ರಿಗೆ ಭಾರ" ಎಂದರು. ಬಂದವರು ಚಪ್ಪಲಿ ಮೆಟ್ಟಿಕೊಂಡು ಗೇಟು ತೆಗೆದು ಹೋದ ರಭಸ ನನಗಿನ್ನೂ ನೆನಪಿದೆ. "ಗಿರಾಕಿ ಬಂದ್ರೆ ಓಡಿಸೋದೇ ಆಯ್ತು ಇವ್ರದ್ದು" ಎಂದು ಲಲಿತಮ್ಮ ಗೊಣಗಿದರು. ನನಗೆ ನಂಜುಂಡಪ್ಪನವರ ಮೇಲೆ ಗೌರವ ಹುಟ್ಟಿದ್ದು ಅವತ್ತೇ.

ಇಂಥವರು ಒಂದೇ ಒಂದು ಸಲ ನಿಯಮ ಮುರಿದರು. ಅದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ.

ಕೆಂಗೇರಿಯಲ್ಲಿ ಹಿಂದೆ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಟೀಚರೊಬ್ಬರು ತಮ್ಮ ಶಾಲೆಯ ನೆನಪುಗಳನ್ನು ಪುಸ್ತಕ ಮಾಡಿದ್ದರು. ಅವರು ತೀರಿಕೊಂಡು ಅರವತ್ತು ವರ್ಷ ದಾಟಿತ್ತು. ಹಾಗಾಗಿ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು, ನಾವು ಹಾಕಿದೆವು. ಮೂಲ ಫೋಟೋಗಳು ಕೆಂಗೇರಿ ಉಪನಗರದಲ್ಲಿದ್ದ ಟೀಚರ ಮಗಳು ಸರೋಜಮ್ಮನ ಟ್ರಂಕಿನಲ್ಲಿ ಸಿಕ್ಕವು. ಅವರಿಗೆ ಎಂಬತ್ತರ ಮೇಲಾಗಿತ್ತು. ಒಂದು ಚಿತ್ರದಲ್ಲಿ ಟೀಚರು ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಲಂಗ ತೊಟ್ಟ ಆರು ವರ್ಷದ ಸರೋಜ. ಅವಳ ಹೆಗಲ ಮೇಲೆ ತಾಯಿಯ ಎಡಗೈ ಇರಬೇಕಾದ ಜಾಗವನ್ನು ಹುಳು ಪೂರ್ತಿ ತಿಂದುಹಾಕಿತ್ತು. ಸರೋಜಮ್ಮ ಆ ಜಾಗವನ್ನು ಬೆರಳಿನಿಂದ ಸವರಿ, "ಅಮ್ಮ ಇಲ್ಲೇ ಕೈ ಇಟ್ಟಿದ್ರು. ಶಾಲೇಲಿ ಎಲ್ರಿಗೂ ಟೀಚರು, ಅವತ್ತೊಂದಿನ ನಂಗೆ ಅಮ್ಮ" ಎಂದರು. ನನ್ನ ಜೊತೆ ಬಂದಿದ್ದ ನಂಜುಂಡಪ್ಪನವರು ಫೋಟೋ ತೆಗೆದುಕೊಂಡು ಬಂದರು.

ಮೂರು ತಿಂಗಳ ನಂತರ ಕೆಲಸ ಮುಗಿದಾಗ ಆ ಹೆಗಲ ಮೇಲೆ ಕೈ ಇತ್ತು. "ಕಲೆ ಕೆಳಗೆ ಸಿಕ್ತು" ಎಂದಷ್ಟೇ ಹೇಳಿದರು. ನಾನು ನಂಬಿದೆ. ಸರೋಜಮ್ಮ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತಗುಲಿಸಿದರು. ದಿನಾ ಬೆಳಿಗ್ಗೆ ಆ ಕೈಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರಂತೆ.

ಎರಡು ವರ್ಷ ಕಳೆದ ಮೇಲೆ ಇನ್ನೊಂದು ಪ್ರಕಾಶನ ಅದೇ ಪುಸ್ತಕವನ್ನು ಹೊರತಂದಿತು. ಚಿತ್ರಗಳೆಲ್ಲ ತಾವೇ ಮೂಲ ಪ್ರತಿಗಳಿಂದ ಸರಿಪಡಿಸಿದವು ಎಂದು ಮುನ್ನುಡಿಯಲ್ಲಿ ಜಂಬ ಬೇರೆ. ನನಗೆ ಮೈ ಉರಿದು, ಪುಸ್ತಕ ಹಿಡಿದುಕೊಂಡು ನೇರವಾಗಿ ರಾಜಾಜಿನಗರಕ್ಕೆ ಹೋದೆ. ನಂಜುಂಡಪ್ಪನವರು ಭೂತಗನ್ನಡಿ ಇಟ್ಟು ಟೀಚರ ಚಿತ್ರವನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು.

"ಇವಳು ಇಲ್ಲಿಗೂ ಬಂದ್ಬಿಟ್ಟಿದಾಳಲ್ಲ!"

"ಯಾರು ಸಾರ್?"

"ಲಲಿತಾ, ಸ್ವಲ್ಪ ಬಾ ಇಲ್ಲಿ. ಕೈ ತೋರ್ಸು."

ಲಲಿತಮ್ಮ ಎಡಗೈ ಒರೆಸಿಕೊಂಡು ಚಾಚಿದರು. ತೋರುಬೆರಳಿನ ಮೇಲೆ ಹಳೆಯದೊಂದು ಗಾಯದ ಗುರುತು, ಈಳಿಗೆಮಣೆ ತಾಗಿದ್ದು. ಫೋಟೋದಲ್ಲಿ ಟೀಚರ ತೋರುಬೆರಳಿನ ಮೇಲೂ ಅದೇ ಗುರುತು, ಅದೇ ಓರೆಯಲ್ಲಿ. ಹೆಂಡತಿಯ ಕೈಯನ್ನು ಊಟದ ಕುರ್ಚಿಯ ಬೆನ್ನ ಮೇಲೆ ಇಡಿಸಿ, ಫೋಟೋ ತೆಗೆದು, ಆ ಖಾಲಿ ಜಾಗದಲ್ಲಿ ಕೂರಿಸಿದ್ದರು. "ಆಯಮ್ಮನ ಮುಖ ನೋಡಿ ತಡ್ಕೊಳಕ್ಕಾಗ್ಲಿಲ್ಲ ಕಣಮ್ಮ. ತಪ್ಪು ಮಾಡ್ದೆ" ಎಂದರು. ಗುರುತನ್ನು ಯಾಕೆ ಅಳಿಸಲಿಲ್ಲ ಎಂದು ಕೇಳಿದೆ. ಇದ್ದದ್ದನ್ನು ಅಳಿಸಲು ಮನಸ್ಸಾಗಲಿಲ್ಲವಂತೆ. ಸುಳ್ಳು ಹೇಳುವುದರಲ್ಲೂ ಮನುಷ್ಯ ಎಷ್ಟು ದಡ್ಡನಿರಬಹುದು ಎಂದು ನನಗೆ ಅವರ ಮೇಲೆ ಪ್ರೀತಿಯೇ ಉಕ್ಕಿತು.

ಕದ್ದದ್ದಕ್ಕೆ ಇದೇ ಸಾಕ್ಷಿಯೆಂದು ನಮ್ಮ ಮಾಲೀಕರು ಕುಣಿದಾಡಿದರು. ವಕೀಲರು ಬಿಡಿಸಿ ಹೇಳಿದರು: "ಹಳೇ ಫೋಟೋ ಈಗ ಯಾರ ಸ್ವತ್ತೂ ಅಲ್ಲ. ಅದನ್ನ ತೊಳೆದು ಬಳಿದಿದ್ದಕ್ಕೆ ಹಕ್ಕು ಕೇಳೋದು ಕಷ್ಟ. ನೀವು ಹೊಸದಾಗಿ ಸೇರಿಸಿದೀರಲ್ಲ, ಆ ಕೈ, ಅದು ನಿಮ್ದು. ಆ ಕೈ ತಾವೇ ಸೇರಿಸಿದ್ದು ಅಂತ ನಂಜುಂಡಪ್ಪನವರು ಒಂದು ಕಾಗದ ಬರ್ಕೊಟ್ರೆ ಆ ಕಡೆಯವ್ರು ಬಾಯಿ ಬಿಡೋ ಹಾಗಿಲ್ಲ."

ವಕೀಲರ ಆಫೀಸಿನಿಂದ ಹೊರಗೆ ಬಂದ ಮೇಲೆ ನಂಜುಂಡಪ್ಪನವರು ಫುಟ್‌ಪಾತಿನ ಮೇಲೆ ನಿಂತುಬಿಟ್ಟರು. "ನೋಡಿದ್ಯೇನಮ್ಮ. ಮೂರು ತಿಂಗಳು ಕೂತು ನಿಜ ಉಳಿಸಿದ್ದು ನಂದಲ್ವಂತೆ. ಒಂದಿನ ಸುಳ್ಳು ಹಾಕಿದ್ದು ನಂದಂತೆ." ಮತ್ತೆ ಹೆಜ್ಜೆ ಹಾಕುತ್ತ, "ಕಾಗದ ಬರೀತೀನಿ. ಅದಕ್ಕೆ ಮುಂಚೆ ಕೆಂಗೇರಿಗೆ ಹೋಗ್ಬೇಕು. ಆಯಮ್ಮಂಗೆ ಇದು ಬೇರೆಯವರ ಬಾಯಿಂದ ಗೊತ್ತಾಗ್ಬಾರ್ದು" ಎಂದರು.

ಸುಮ್ಮನಿದ್ದುಬಿಡಿ, ಕೇಸೂ ಬೇಡ ಏನೂ ಬೇಡ ಎಂದು ನಾನು ಬೇಡಿಕೊಂಡೆ. ಅವರು ಕೇಳಲಿಲ್ಲ. ಒಂದು ಸುಳ್ಳು ಈಗ ಎರಡು ಪುಸ್ತಕದಲ್ಲಿ ಕೂತಿದೆ, ನಾಳೆ ನಾಲ್ಕಾಗುತ್ತೆ ಎನ್ನುವುದು ಅವರ ಸಂಕಟ. ವಿಜಯನಗರದಿಂದ ಮೆಟ್ರೊ ಹತ್ತಿದೆವು. ದಾರಿಯುದ್ದಕ್ಕೂ ಅವರು ಯಾರ ಕಿವಿಯನ್ನೂ ನೋಡಲಿಲ್ಲ.

ಸರೋಜಮ್ಮ ಪೂರ್ತಿ ಕೇಳಿಸಿಕೊಂಡರು. ನಂಜುಂಡಪ್ಪನವರು ಒಂದು ಮಾತನ್ನೂ ಮೆತ್ತಗೆ ಮಾಡದೆ, "ಅದು ನಿಮ್ಮ ತಾಯಿ ಕೈಯಲ್ಲಮ್ಮ, ನಮ್ಮ ಮನೆಯವಳದ್ದು. ನಾನು ಸುಳ್ಳು ಹೇಳಿದ್ದೆ" ಎಂದರು. ಆಕೆ ಎದ್ದು ಗೋಡೆಯ ಮೇಲಿದ್ದ ಫೋಟೋ ಇಳಿಸಿದರು. ದಿವಾನದ ಮೇಲೆ ಬೋರಲು ಮಲಗಿಸಿದರು. "ಕಾಫಿ ಕುಡ್ಕೊಂಡು ಹೋಗಿ" ಎಂದು ಒಳಗೆ ಹೋದರು. ಕಾಫಿ ಕೊಟ್ಟರು, ಗೇಟಿನವರೆಗೂ ಬಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಕಾಗದಕ್ಕೆ ಆ ಕಡೆಯವರು ತೆಪ್ಪಗಾದರು. ತಪ್ಪು ಒಪ್ಪಿ ಚಿತ್ರಗಳನ್ನು ತೆಗೆದುಹಾಕಿದರು. ನಮ್ಮ ಮಾಲೀಕರು ಸಿಹಿ ಹಂಚಿದರು. ನಂಜುಂಡಪ್ಪನವರು ಮುಟ್ಟಲಿಲ್ಲ. ನಮ್ಮ ಮುಂದಿನ ಮುದ್ರಣದಲ್ಲಿ ಆ ಕೈಯನ್ನು ತೆಗೆಸಿದರು. ಹುಳು ತಿಂದ ಜಾಗ ಹಾಗೇ ಬಂತು. ಕೆಳಗೆ ಅವರೇ ಬರೆದುಕೊಟ್ಟ ಸಾಲು: "ಇಲ್ಲಿ ತಾಯಿಯ ಎಡಗೈ ಇತ್ತೆಂದು ಮಗಳು ನೆನೆಯುತ್ತಾರೆ." ಅಷ್ಟು ಪ್ರಾಮಾಣಿಕವಾದ ಚಿತ್ರ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಒಂದು ಪ್ರತಿಯನ್ನು ಸರೋಜಮ್ಮನಿಗೆ ಕಳಿಸಿದೆವು. ಉತ್ತರ ಬರಲಿಲ್ಲ.

ಆಮೇಲೆ ಯಾವಾಗ ಹೋದರೂ ನಾನು ಚಪ್ಪಲಿ ಬಿಡುವಷ್ಟರಲ್ಲೇ ನಂಜುಂಡಪ್ಪನವರು ಕೇಳುತ್ತಿದ್ದರು: "ಕೆಂಗೇರಿಯಿಂದ ಫೋನ್ ಏನಾದ್ರೂ ಬಂದಿತ್ತೇನಮ್ಮ?" ಇಲ್ಲವೆಂದರೆ "ಹೂಂ" ಎಂದು ಕಂಪ್ಯೂಟರಿನ ಕಡೆ ತಿರುಗುತ್ತಿದ್ದರು. ಹೋದ ವರ್ಷ ಮೂರು ದಿನದ ಜ್ವರಕ್ಕೆ ಆಸ್ಪತ್ರೆ ಸೇರಿದವರು ವಾಪಸು ಬರಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಕೂಡ ಅದನ್ನೇ ಕೇಳಿದರು. ಬಂದಿತ್ತು ಸಾರ್ ಎಂದು ಸುಳ್ಳು ಹೇಳಬಹುದಿತ್ತು. ಅವರೆದುರು ಬಾಯಿ ಬರಲಿಲ್ಲ.

ವಿಷಯ ತಿಳಿಸೋಣವೆಂದು ಕೆಂಗೇರಿಗೆ ನಾನೇ ಫೋನ್ ಮಾಡಿದ್ದೆ. ಹನ್ನೊಂದನೇ ದಿನದ ಕಾರ್ಯದಲ್ಲಿ ಜನ ಊಟಕ್ಕೆ ಏಳುವ ಹೊತ್ತಿಗೆ ಆಟೋದಿಂದ ಸರೋಜಮ್ಮ ಇಳಿದರು. "ಅವ್ರ ಮನೆಯವರು ಯಾರು?" ಎಂದು ನನ್ನನ್ನು ಕೇಳಿ, ಲಲಿತಮ್ಮನ ಪಕ್ಕದಲ್ಲಿ ಕೂತರು. ಹೇಳದೆ ಕೇಳದೆ ಅವರ ಎಡಗೈ ತೆಗೆದುಕೊಂಡರು. ತೋರುಬೆರಳಿನ ಗುರುತನ್ನು ನೋಡಿದರು, ಸವರಿದರು. ಆಮೇಲೆ ಆ ಕೈಯನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡರು.

"ಮತ್ತೆ ಗೋಡೆಗೆ ಹಾಕಿದೀನಿ ಕಣಮ್ಮ, ಕೈ ಇರೋದನ್ನೇ" ಎಂದರು. "ಹಾಕಿ ಆಗ್ಲೇ ಎಷ್ಟೋ ದಿನ ಆಯ್ತು. ಅವ್ರಿಗೊಂದು ಫೋನ್ ಮಾಡಿ ಹೇಳ್ಬೇಕು ಅಂತಾನೇ ಇದ್ದೆ."

ಲಲಿತಮ್ಮ ಕೈ ತೆಗೆಯಲಿಲ್ಲ.