ಭಾವನಿಗೆ ಬಡಿಸಿದ ಎರಡನೇ ರೊಟ್ಟಿ

ಡಿಸೆಂಬರಿನ ಉರಿಬಿಸಿಲಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ಕಡಲಲ್ಲಿ ಮೂರು ಸಲ ಮುಳುಗಿ ಎದ್ದು ನಾನು ಯಹೂದಿಯಾದೆ. ದಡದಲ್ಲಿ ನಿಂತ ರಬ್ಬಿ, ಅಂದರೆ ಅವರ ಧರ್ಮಗುರು, ಒಬ್ಬ ಹೆಂಗಸು. ಆಕೆ ಮಂತ್ರ ಹೇಳುತ್ತಿದ್ದರೆ ಹತ್ತು ಹೆಜ್ಜೆ ಆಚೆ ಯಾರೋ ನಾಯಿಗೆ ಚೆಂಡು ಎಸೆಯುತ್ತಿದ್ದರು. ನಾನು ಧಾರವಾಡದ ಲಿಂಗಾಯತರ ಹುಡುಗಿ. ಆಕ್ಲೆಂಡಿನ ಆಲ್ಬನಿ ಬಡಾವಣೆಗೆ ಓದಲು ಬಂದಾಗ ಫ್ಲ್ಯಾಟ್‌ಮೇಟ್ ಹೆಸರು ಅಮಿತ್ ಎಂದು ಕೇಳಿ ನಮ್ಮ ಕಡೆಯವನೇ ಇರಬೇಕು ಅಂದುಕೊಂಡಿದ್ದೆ. ಅದು ಹೀಬ್ರೂ ಹೆಸರೂ ಹೌದೆಂದು ತಿಳಿಯುವಷ್ಟರಲ್ಲಿ ಮನಸ್ಸು ಕೊಟ್ಟಾಗಿತ್ತು.

ಮದುವೆಯಾಗಿ ಹ್ಯಾಮಿಲ್ಟನ್ನಿಗೆ ಬಂದ ವರ್ಷ ಅಮಿತ್‌ನ ಅಣ್ಣ ದೋರೋನ್, ಹೆಂಡತಿ ಲೆನಾಳ ಜೊತೆ ಇಸ್ರೇಲಿನಿಂದ ಬಂದ. ಭಾವನಿಗೆ ಬಹುವಚನ ಕೊಡಬೇಕು. ಎದುರಿಗೆ ಕೊಡುತ್ತೇನೆ; ಇಲ್ಲಿ ಕೊಡುವುದಿಲ್ಲ. ಶುಕ್ರವಾರ ಸಂಜೆ ಅವರ ಪದ್ಧತಿಯಂತೆ ಮೇಣದಬತ್ತಿ ಹಚ್ಚಿ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದೆ. ಆತ ತಟ್ಟೆ ಸರಿಸಿ ಚೀಲದಿಂದ ಸೇಬು ತೆಗೆದ. ತಮ್ಮನಿಗೆ ಹೀಬ್ರೂನಲ್ಲಿ ಹೇಳಿದ: "ಇವಳು ಕಾಗದದ ಯಹೂದಿ. ಇವಳ ಕೈಯಡುಗೆ ನನಗೆ ಬೇಡ." ಎರಡು ವರ್ಷ ಕಷ್ಟಪಟ್ಟು ಕಲಿತ ಭಾಷೆ ಮೊದಲು ಪೂರ್ತಿ ಅರ್ಥವಾದದ್ದು ಹೀಗೆ. ಲೆನಾ ತಲೆ ಎತ್ತಲಿಲ್ಲ.

ಆಮೇಲೆ ಅಮಿತ್ ಬಿಡಿಸಿ ಹೇಳಿದ. ಉದಾರ ಪಂಥದ ರಬ್ಬಿ ಕೊಟ್ಟ ನನ್ನ ಕಾಗದ ಅವನ ದೇಶದಲ್ಲಿ ಪೌರತ್ವಕ್ಕೆ ನಡೆಯುತ್ತದೆ, ಮದುವೆಗೆ ನಡೆಯುವುದಿಲ್ಲ. ಅಲ್ಲಿ ಯಹೂದಿಗಳ ಮದುವೆ ಸಂಪ್ರದಾಯಸ್ಥರ ಕೈಯಲ್ಲಿದೆ. ಯಾರು ಯಹೂದಿ ಎಂದು ಕೋರ್ಟು, ಸಂಸತ್ತುಗಳಲ್ಲಿ ಇನ್ನೂ ಕಾದಾಡುತ್ತಿದ್ದಾರೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ ನಕ್ಕಳು. "ಅಲ್ಲೂ ಒಳಪಂಗಡ ಅದಾವೇನ? ಅಷ್ಟು ದೂರ ಯಾಕ ಹೋದಿ ಮತ್ತ?"

ನಾನು ನಗಲಿಲ್ಲ. ನಾಲ್ಕು ವರ್ಷ ಆ ಸೇಬನ್ನು ಮರೆಯಲಿಲ್ಲ.

ಆಮೇಲೆ ದೋರೋನ್‌ನ ಫೋನು ಬಂತು. ಮಗಳು ನೋವಾಳ ಮದುವೆಗೆ ಅಲ್ಲಿನ ರಬ್ಬಿಗಳ ಕಚೇರಿ ಲೆನಾಳ ತಾಯಿ ಯಹೂದಿ ಎನ್ನುವುದಕ್ಕೆ ದಾಖಲೆ ಕೇಳಿತ್ತು. ಅವರಲ್ಲಿ ಯಹೂದಿತನ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆಕೆಯದು ರಷ್ಯಾದ ಯಾವುದೋ ಊರು; ದಾಖಲೆ ಸಿಗಲಿಲ್ಲ. ಆದರೆ ಮದುವೆ ಹೊರದೇಶದಲ್ಲಿ ಆಗಿದ್ದರೆ ಅಲ್ಲಿನ ಸರ್ಕಾರ ಇದೇನೂ ಕೇಳದೆ ದಾಖಲಿಸಿಕೊಳ್ಳುತ್ತದೆ; ಅದಕ್ಕೇ ನಮಗೆ ಫೋನು. ಇದೆಲ್ಲ ಅಮಿತ್ ಮೊದಲೇ ಹೇಳಿದ್ದ. ಆದರೂ ದೋರೋನ್ ಬಾಯಿಂದಲೇ ಕೇಳಬೇಕಿತ್ತು.

"ಅಂದರೆ ನಿಮ್ಮ ಹೆಂಡತಿಯ ಹತ್ತಿರ ಕಾಗದ ಇಲ್ಲ?"

"ಕಾಗದ ಯಾಕೆ? ಅವಳಮ್ಮ ಪ್ರತಿ ಶುಕ್ರವಾರ ಮೇಣದಬತ್ತಿ ಹಚ್ಚುತ್ತಿದ್ದಳು."

"ನಾನೂ ಹಚ್ಚುತ್ತೇನಲ್ಲ, ದೋರೋನ್."

ಆಮೇಲೆ ನನ್ನ ಷರತ್ತು ಹೇಳಿದೆ: ಮದುವೆ ನಮ್ಮ ಹಿತ್ತಿಲಲ್ಲೇ ಆಗಲಿ. ನನ್ನನ್ನು ಯಹೂದಿಯಾಗಿಸಿದ ರಬ್ಬಿಯೇ ಮಾಡಿಸಲಿ. ನೀವು ಎಲ್ಲರೆದುರು ನನ್ನ ಕೈಯಡುಗೆ ಉಣ್ಣಬೇಕು.

ಒಪ್ಪಿದ. ಈ ದೇಶದಲ್ಲಿ ಮದುವೆಗೆ ಲೈಸೆನ್ಸ್ ಬೇಕು, ಇಬ್ಬರು ಸಾಕ್ಷಿ ಬೇಕು. ಅಜ್ಜಿ ಯಾರೆಂದು ಕೇಳುವವರಿಲ್ಲ. ನೋವಾ ನನ್ನನ್ನೇ ಸಾಕ್ಷಿಗೆ ಕರೆದಳು. ದೋರೋನ್ ನೋಡುತ್ತಿರುವಾಗ ಸಾವಕಾಶವಾಗಿ ಸಹಿ ಹಾಕಿದೆ. ಊಟಕ್ಕೆ ಅದೇ ರೊಟ್ಟಿ, ಅದೇ ಎಣ್ಣೆಗಾಯಿ; ಖಾರ ಮಾತ್ರ ಧಾರವಾಡದ ಅಳತೆ. ಆತನ ಕಣ್ಣಲ್ಲಿ ನೀರು ಬಂತು. "ಇನ್ನೊಂದು ರೊಟ್ಟಿ?" ಎಂದೆ. ಬೇಡವೆನ್ನುವ ಮೊದಲೇ ಹಾಕಿದೆ. ಆತ ತಿಂದ. ನನಗೆ ಎಷ್ಟು ಹಿತವಾಯಿತೆಂದು ಹೇಳಲು ನಾಚಿಕೆಯಿಲ್ಲ. ಆತನಿಂದ ಕ್ಷಮೆಯ ಮಾತು ಇವತ್ತಿಗೂ ಬಂದಿಲ್ಲ.

ಪಾತ್ರೆ ಇಡಲು ಒಳಗೆ ಹೋದರೆ ಲೆನಾ ಒಬ್ಬಳೇ ನಿಂತಿದ್ದಳು. ಅಂದು ಸುಮ್ಮನಿದ್ದವಳಿಗೂ ಎರಡು ಮಾತು ಇಟ್ಟುಕೊಂಡಿದ್ದೆ. ಅವಳೇ ಮೊದಲು ಕೇಳಿದಳು.

"ಶೈಲಾ, ನಾಳೆ ನಾನು ಸತ್ತರೆ ಯಹೂದಿ ಸ್ಮಶಾನದಲ್ಲಿ ದೋರೋನ್ ಪಕ್ಕ ಹೂಳಲು ಬಿಡುತ್ತಾರಾ?"

ನನ್ನ ಎರಡು ಮಾತನ್ನೂ ಪಾತ್ರೆಯ ಜೊತೆ ಕೆಳಗಿಟ್ಟೆ.

"ನಿನ್ನನ್ನು?" ಎಂದಳು.

"ನಮ್ಮೂರಲ್ಲಿ ಕೂರಿಸಿ ಹೂಳುತ್ತಾರೆ."

ಅವಳಿಗೆ ಅರ್ಥವಾಗಲಿಲ್ಲ. ತೋರಿಸಲು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಮಿತ್‌ನವರು ಮಲಗಿಸುತ್ತಾರೆ. ಹ್ಯಾಮಿಲ್ಟನ್ನಿನ ಮಣ್ಣಿನಲ್ಲಿ ನಾನು ಕೂರಬೇಕೋ, ಮಲಗಬೇಕೋ? ಅವ್ವನನ್ನು ಕೇಳಲಾರೆ. ಲೆನಾ ಕೈ ನೀಡಿದಳು. ಏಳಲು ಸ್ವಲ್ಪ ಹೊತ್ತು ಹಿಡಿಯಿತು.